ಅರ್ಧ ನೋಟಿಗೆ ಉಡಿ ತುಂಬಿದ್ದು

ಚಿತ್ತಾಪುರದಿಂದ ಸೇಡಂಗೆ ಹೋಗುವ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಕಂಡಕ್ಟರ್ ಜಗದೇವಪ್ಪನ ಎರಡು ಮಾತು ಬಾಯಿಪಾಠ. ಒಂದು, ಒಳಗ ಸರೀರಿ. ಇನ್ನೊಂದು, ಹರಿದ ನೋಟು ನಡೆಯಂಗಿಲ್ಲ. ಮೊದಲನೆಯ ಮಾತನ್ನು ಈ ಸೀಮೆಯಲ್ಲಿ ಹುಟ್ಟಿದ ಯಾವ ಮನುಷ್ಯನೂ ಇದುವರೆಗೆ ಕಿವಿಗೆ ಹಾಕಿಕೊಂಡಿಲ್ಲ. ಎರಡನೆಯದನ್ನು ಮಾತ್ರ ಕೇಳದೆ ಗತಿಯಿಲ್ಲ. ನೋಟಿನ ಮೂಲೆ ಚೂರು ಹೋಗಿರಲಿ, ನಡುವೆ ಟೇಪು ಅಂಟಿಸಿರಲಿ, ಯಾವನೋ ಪ್ರೇಮಿ ಅಂಚಿನಲ್ಲಿ ತನ್ನ ಹುಡುಗಿಯ ಹೆಸರು ಬರೆದಿರಲಿ, ಜಗದೇವಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿ, ಸತ್ತ ಹಲ್ಲಿಯನ್ನು ಬಾಲ ಹಿಡಿದು ಹೊರಗೆ ಹಾಕುವವನಂತೆ ವಾಪಸು ಕೊಡುತ್ತಿದ್ದ. ಅಳಿಯ ಬಂದರೂ ಅಷ್ಟೇ, ಡಿಪೋ ಮ್ಯಾನೇಜರ್ ಬಂದರೂ ಅಷ್ಟೇ. ಹರಿದ ನೋಟನ್ನು ಸಂಜೆ ಡಿಪೋದಲ್ಲಿ ಕಟ್ಟಿಸಿಕೊಳ್ಳದಿದ್ದರೆ ತನ್ನ ಜೇಬಿನಿಂದ ತುಂಬಬೇಕಲ್ಲ, ಅವನದೂ ತಪ್ಪಲ್ಲ ಬಿಡಿ.

ಇಂಥ ಜಗದೇವಪ್ಪನ ಮನೆಯ ಕಪಾಟಿನಲ್ಲಿ, ಮಗಳು ಲುಂಬಿನಿಯ ಮದುವೆಯ ಆಲ್ಬಮ್ಮಿಗಿಂತ ಜೋಪಾನವಾಗಿ ಇಟ್ಟಿದ್ದು ಏನಪ್ಪಾ ಅಂದರೆ ಒಂದು ನಡೆಯದ ನೋಟು. ಅದೂ ಪೂರ್ತಿಯಲ್ಲ, ಅರ್ಧ. ಕತ್ತರಿಯಿಂದ ನಡುವಿಗೆ ಸರಿಯಾಗಿ ಕತ್ತರಿಸಿದ ಎಡಭಾಗ. ನಗು ಬಂದರೆ ನಕ್ಕುಬಿಡಿ, ಅವನ ಹೆಂಡತಿ ಅನಸುಬಾಯಿಯೂ ನಗುತ್ತಾಳೆ.

ಅದು ಅವನ ಕೈಗೆ ಬಂದದ್ದು ಬಾಬುಮಿಯಾನಿಂದ. ವಾಡಿ ಸ್ಟೇಷನ್ನಿನ ಹತ್ತಿರ ಹಳೆ ಪೇಪರು, ಹಳೆ ಕಬ್ಬಿಣ, ಮುರಿದ ಕುರ್ಚಿ ಕೊಳ್ಳುವ ರದ್ದಿ ಅಂಗಡಿಯವನು ಬಾಬುಮಿಯಾ. ಆಗ ಜಗದೇವಪ್ಪನಿಗೆ ಶಹಾಬಾದ್, ವಾಡಿ, ಚಿತ್ತಾಪುರದ ರೂಟು. ಮೀಸೆಯೂ ಇನ್ನೂ ಕಪ್ಪಗಿತ್ತು. ಒಂದು ದಿನ ಬಾಬುಮಿಯಾ ಕೊಟ್ಟ ಐದು ರೂಪಾಯಿಗೆ ಮೂಲೆ ಇಲ್ಲವೆಂದು ಇವನು ತಿರುಗಿಸಿ ಕೊಟ್ಟ. ಮರುದಿನ ಆ ಪುಣ್ಯಾತ್ಮ ಬೇಕೆಂತಲೇ ಅದೇ ಬಸ್ಸು ಹತ್ತಿ, ಅಂಗಿಯ ಒಳಜೇಬಿನಿಂದ ಒಂದು ಹಾಳೆಯ ತುಂಡು ತೆಗೆದು ಮುಂದೆ ಹಿಡಿದ.

"ನಿನ್ನಿ ನೋಟಿಗಿ ಮೂಲಿ ಇಲ್ಲ ಅಂದ್ರಿ ಸಾಹೇಬ್. ಇದಕ್ಕ ಅರ್ಧ ಮೈನೇ ಇಲ್ಲ. ನಡೀತದೇನು ನೋಡ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಜಗದೇವಪ್ಪ ಬೈಯಲೆಂದೇ ಬಾಯಿ ತೆರೆದವನು, ಅಭ್ಯಾಸಬಲದಿಂದ ಅದನ್ನು ಕಿಟಕಿಯ ಬೆಳಕಿಗೆ ಎತ್ತಿದ. ತೆರೆದ ಬಾಯಿ ಹಾಗೇ ಉಳಿಯಿತು. ಬಿಳಿ ಹಾಳೆಯ ಮೇಲೆ ತಿಳಿಹಸಿರು ಚಿತ್ತಾರ, ಬಳ್ಳಿಯಂತೆ ಸುತ್ತಿಕೊಂಡ ಇಂಗ್ಲಿಷ್ ಅಕ್ಷರ, ಹಿಂಬದಿ ಪೂರಾ ಖಾಲಿ. ರಾಜನ ಮುಖವಿಲ್ಲ, ರಾಣಿಯ ಮುಖವಿಲ್ಲ. ಬೆಳಕು ಹಾಯ್ದಾಗ ಹಾಳೆಯೊಳಗೇ ಅಡಗಿದ್ದ ನೆರಳಿನಂಥ ಅಕ್ಷರ ಮೇಲೆದ್ದು ಕಾಣಿಸಿತು. ಅಚ್ಚಿನ ಒಂದು ಸಾಲು ಅರ್ಧಕ್ಕೆ ನಿಂತಿತ್ತು, ಮುಂದಿನದು ಕತ್ತರಿಯ ಆಚೆ ಹೋಗಿತ್ತು. ಆ ತುಂಡನ್ನು ತಾನಿಟ್ಟುಕೊಂಡು, ಬಾಬುಮಿಯಾನ ಟಿಕೆಟ್ಟಿನ ರೊಕ್ಕವನ್ನು ಜಗದೇವಪ್ಪ ತನ್ನ ಜೇಬಿನಿಂದ ಹಾಕಿದ. ರೈಲ್ವೆಯ ಹಳೆ ಕ್ವಾರ್ಟರ್ಸು ಕೆಡವಿದಾಗ ಬಂದ ಒಂದು ಫೋಟೋ ಚೌಕಟ್ಟಿನ ಬೆನ್ನಿಗೆ ಅದು ಸಿಕ್ಕಿಕೊಂಡಿತ್ತು ಎಂದು ಬಾಬುಮಿಯಾ ಆಮೇಲೆ ಹೇಳಿದ.

ಕಲಬುರಗಿಯಲ್ಲಿ ಹಳೆ ನಾಣ್ಯ, ಹಳೆ ನೋಟು ಮಾರುವವನೊಬ್ಬ ಅದರ ಗುಟ್ಟು ಬಿಡಿಸಿದ. ಇದು ಇಂಗ್ಲಿಷರ ಕಾಲದ ಹತ್ತು ರೂಪಾಯಿ. ನಮ್ಮ ಕಡೆ ಆಗ ನಿಜಾಮನ ಹಾಲಿ ರೊಕ್ಕ ನಡೆಯುತ್ತಿತ್ತು, ಮುಂಬಯಿಯ ವ್ಯಾಪಾರಕ್ಕೆ ಮಾತ್ರ ಇಂಗ್ಲಿಷರ ಕಲದಾರ ರೊಕ್ಕ. ಮುಂಬಯಿಯ ಸೇಠಜಿಗಳು ಟಪಾಲಿನಲ್ಲಿ ರೊಕ್ಕ ಕಳಿಸುವಾಗ ನೋಟನ್ನು ನಡುವೆ ಕತ್ತರಿಸಿ ಮೊದಲು ಅರ್ಧ ಕಳಿಸುತ್ತಿದ್ದರು. ಮುಟ್ಟಿತು ಎಂದು ಕಾಗದ ಬಂದ ಮೇಲೆ ಉಳಿದರ್ಧ. ನಡುದಾರಿಯ ಕಳ್ಳನಿಗೆ ಅರ್ಧ ಸಿಕ್ಕರೆ ಬೀಡಿಯೂ ಬರುವುದಿಲ್ಲ. ಯಾವ ಅರ್ಧ ಯಾವುದರದೆಂದು ತಿಳಿಯಲಿ ಎಂದೇ ನಂಬರನ್ನು ಎರಡೂ ಅರ್ಧದಲ್ಲಿ ಅಚ್ಚು ಹಾಕುತ್ತಿದ್ದರು. ಅರ್ಧಕ್ಕೆ ಬೆಲೆ ಕಡಿಮೆ, ಜೋಡಿ ಸಿಕ್ಕರೆ ಮಾತು ಬೇರೆ ಎಂದ ಅವನು. ಜಗದೇವಪ್ಪನ ತಲೆಯಲ್ಲಿ ಬೆಲೆ ಉಳಿಯಲಿಲ್ಲ, ಜೋಡಿ ಉಳಿಯಿತು.

ಅಂದಿನಿಂದ ಹಿಡಿದ ಹುಚ್ಚು. ಪಂಚಮ ಜಾರ್ಜನ ಒಂದು ರೂಪಾಯಿ, ಆರನೇ ಜಾರ್ಜನ ಐದು, ಉರ್ದು ಅಕ್ಷರದ ನಿಜಾಮನ ನೋಟು, ಹೀಗೆ ಒಂದೊಂದೇ ಬಂದು ಆಲ್ಬಮ್ ತುಂಬಿತು. ಚಿಂಚೋಳಿ ಸಂತೆಗೆ ಹೋದವ ಜೋಳ ತರುವುದನ್ನು ಮರೆತು ನೋಟು ತಂದ ಪ್ರಸಂಗವೂ ಉಂಟು. ಅನಸುಬಾಯಿ ತೆಂಗಳಿಯ ಹೆಣ್ಣುಮಗಳು, ಮಾತಿನಲ್ಲಿ ಸಾಲ ಉಳಿಸಿಕೊಳ್ಳುವವಳಲ್ಲ. "ನಮ್ಮ ಮನ್ಯಾಗ ನಡೆಯೋ ನೋಟು ನಿಲ್ಲಂಗಿಲ್ಲ, ನಡೆಯದ ನೋಟು ಹೋಗಂಗಿಲ್ಲ" ಎಂದು ಓಣಿಯ ತುಂಬ ಹೇಳಿಕೊಂಡು ಬಂದಳು.

ಎಷ್ಟು ನೋಟು ಬಂದರೂ ಅವನ ಕಣ್ಣು ಆ ಅರ್ಧದ ಮೇಲೆಯೇ. ಯಾಕೆಂದು ಒಮ್ಮೆ ಅನಸುಬಾಯಿ ಕೇಳಿದ್ದಳು. ಅವನು ಹೇಳಿದ್ದಿಷ್ಟು: ಕಂಡಕ್ಟರನ ಬಾಳೆಲ್ಲ ಅರ್ಧವೇ. ಅರ್ಧ ಟಿಕೆಟ್ಟು, ಅರ್ಧ ಊಟ, ಅರ್ಧ ನಿದ್ದೆ. ಯಾರದೋ ಕಥೆ ಕಿವಿಗೆ ಬಿದ್ದು ರಸ ಏರುವ ಹೊತ್ತಿಗೆ ಅವರ ಊರು ಬಂದು ಇಳಿದುಹೋಗುತ್ತಾರೆ. ಚೀಲ ಕೆಳಗಿಡುವುದರೊಳಗೆ ಒಂದಾದರೂ ಪೂರ್ತಿಯಾದದ್ದನ್ನು ನೋಡಬೇಕು. ಅನಸುಬಾಯಿ ಆವತ್ತು ನಗಲಿಲ್ಲ. ರಿಟೈರ್ಮೆಂಟಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಸೇಡಂನ ವಿಮಲಾಬಾಯಿ ಬಸ್ಸು ಹತ್ತಿದರು. ತೊಗರಿಬೇಳೆ ವ್ಯಾಪಾರಿ ಬಸವಂತರಾಯರ ಹೆಂಡತಿ, ಎಪ್ಪತ್ತರ ಹತ್ತಿರದ ಗಟ್ಟಿ ಜೀವ. ಹೆಂಗಸರಿಗೆ ಬಸ್ಸು ಫುಕಟ ಆದ ಮೇಲೆ ಮನೆಯಲ್ಲಿ ಕಾರಿದ್ದರೂ ಅವರು ಬಸ್ಸಿನಲ್ಲೇ ಓಡಾಡುವುದು. ಕಾರಿನಲ್ಲಿ ಮಾತಾಡಲು ಯಾರಿರುತ್ತಾರೆ ಎಂಬುದು ಅವರ ತರ್ಕ. ಅಂದು ಗುಂಡಗುರ್ತಿಯ ರೈತನೊಬ್ಬನ ಹರಿದ ನೋಟಿಗೆ ಜಗದೇವಪ್ಪನ ಎಂದಿನ ಮಂಗಳಾರತಿ ನಡೆದಿತ್ತು. ವಿಮಲಾಬಾಯಿಗೆ ತಡೆಯಲಾಗಲಿಲ್ಲ.

"ಅಷ್ಟ್ಯಾಕ ಒದರ್ಲಿಕತ್ತೀಯೋ ತಮ್ಮಾ? ನಮ್ಮ ಮನ್ಯಾಗ ಅರ್ಧ ನೋಟದ, ನಾವು ಅದಕ್ಕ ಪೂಜಾ ಮಾಡ್ತೀವಿ."

ಜಗದೇವಪ್ಪನ ಕೈಯ ಟಿಕೆಟ್ ಮಷಿನ್ನು ಒಂದಕ್ಕೆ ಎರಡು ಟಿಕೆಟ್ಟು ಹೊಡೆಯಿತು. ಆ ನಷ್ಟವನ್ನೂ ಅವನೇ ತುಂಬಿದ.

ವಾರದ ರಜೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತನ್ನ ಅರ್ಧವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟುಕೊಂಡು ಅವನು ಸೇಡಂಗೆ ಹೋದ. ಅಂಗಡಿಯ ಹಿಂದೆಯೇ ಮನೆ. ಬಸವಂತರಾಯರು ಚಹಾ ತರಿಸಿ ಕಥೆ ಹೇಳಿದರು. ಅವರ ಅಜ್ಜ ನೆಲಕ್ಕೆ ಹಾಸುವ ಶಹಾಬಾದಿನ ಫರಸಿ ಕಲ್ಲನ್ನು ಮುಂಬಯಿಗೆ ಕಳಿಸುತ್ತಿದ್ದರು. ಒಮ್ಮೆ ರೊಕ್ಕದ ಅರ್ಧ ಬಂತು, ಉಳಿದರ್ಧ ಬರಲೇ ಇಲ್ಲ. ಅಜ್ಜಿ ಗಟ್ಟಿಗಿತ್ತಿ, ಜೋಡಿ ಬರುವ ತನಕ ಇದನ್ನು ಲಕ್ಷ್ಮಿಯ ಜೊತೆ ಕೂಡಿಸುತ್ತೇನೆ ಎಂದು ಹಟ ಹಿಡಿದಳು. ಆವತ್ತಿನಿಂದ ಪ್ರತಿ ದೀಪಾವಳಿಗೆ ಆ ಅರ್ಧ ನೋಟು ಬೆಳ್ಳಿ ತಟ್ಟೆಯೇರಿ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುತ್ತ ಬಂದಿದೆ. ಮನೆಯ ಹೆಣ್ಣುಮಕ್ಕಳಲ್ಲದೆ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ತಿಜೋರಿಯ ಕೀಲಿ ಸೊಂಟದಲ್ಲಿರುವ ಬಸವಂತರಾಯರೂ ಮುಟ್ಟುವಂತಿಲ್ಲ.

ವಿಮಲಾಬಾಯಿ ತಟ್ಟೆ ತಂದಿಟ್ಟರು. ಬಲಭಾಗ! ಕತ್ತರಿಸಿದ ಅಂಚು ಎಡಕ್ಕೆ! ಜಗದೇವಪ್ಪ ಚಹಾ ಮರೆತು ಮುಂದಕ್ಕೆ ಬಾಗಿದ. ಪ್ಲಾಸ್ಟಿಕ್ ಸಮೇತ ತನ್ನದನ್ನು ಪಕ್ಕಕ್ಕಿಟ್ಟ. ಅಂಚಿಗೆ ಅಂಚು ಕೂಡಿತು, ಬಳ್ಳಿಗೆ ಬಳ್ಳಿ ಕೂಡಿತು. ಆದರೆ ನಂಬರು? ನಂಬರಿನ ಜಾಗದಲ್ಲಿ ಮೂರು ತಲೆಮಾರಿನ ಅರಿಸಿನ ಕುಂಕುಮ ಹೋಳಿಗೆಯ ಕಣಕದಂತೆ ಮೆತ್ತಿಕೊಂಡಿತ್ತು.

ಸ್ವಲ್ಪ ಒರೆಸಿ ನೋಡಬಹುದೇ ಎಂದು ಕೇಳಿದ, ಕೇಳಿ ಕೆಟ್ಟ. ಲಕ್ಷ್ಮಿಯ ಕುಂಕುಮ ಒರೆಸುವುದೆಂದರೇನು, ಕಂಡಕ್ಟರಿಕೆ ಮಾಡಿ ಮಾಡಿ ತಲೆ ಸರಿಯಿದೆಯೋ ಇಲ್ಲವೋ ಎಂದು ವಿಮಲಾಬಾಯಿ ಗದರಿಸಿಬಿಟ್ಟರು. ಹಾಗಾದರೆ ಕ್ರಯಕ್ಕೆ ಕೊಡಿ ಎಂದ. ಅದಕ್ಕೆ ಬಸವಂತರಾಯರು ಎದ್ದು ನಿಂತರು. ಮನೆಯ ಲಕ್ಷ್ಮಿಯನ್ನು ಮಾರಿದವನು ಉದ್ಧಾರವಾದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಬೇಕಾದರೆ ನಿನ್ನದನ್ನೇ ಇಲ್ಲಿ ಬಿಟ್ಟುಹೋಗು, ಪೂಜೆಯಲ್ಲಿ ಇರುತ್ತದೆ ಎಂದರು. ಜಗದೇವಪ್ಪ ತನ್ನದನ್ನು ಎತ್ತಿ ಎದೆಯ ಜೇಬಿಗೆ ಸೇರಿಸಿದ. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದದ್ದನ್ನು ಕೊಟ್ಟು ಬರಿಗೈಲಿ ಮನೆಗೆ ಹೋಗುವುದು ಅವನಿಂದಾಗುವ ಮಾತಲ್ಲ.

ಆಮೇಲೆ ಕೆಲವು ವಾರ ಅವನ ಬಸ್ಸಿನಲ್ಲಿ ಕೂತವರ ಪಾಡು ನಾಯಿಪಾಡು. ಚಿಲ್ಲರೆ ಕೇಳಿದರೆ ಸಿಟ್ಟು, ಕೇಳದಿದ್ದರೆ ಸಿಟ್ಟು. ಕಡೆಗೆ ಅನಸುಬಾಯಿಗೇ ಸಾಕಾಯಿತು. ಗಂಡಸರು ಕೂತು ಕ್ರಯ ಮಾತಾಡಿದರೆ ಇಂಥದೆಲ್ಲ ಆಗುತ್ತದೇನು ಎಂದು ಗೊಣಗಿ, ಹಸಿರು ಇಳಕಲ್ ಸೀರೆ ಉಟ್ಟು, ಗಂಡನನ್ನು ಕರೆದುಕೊಂಡು ಸೇಡಂಗೆ ಹೊರಟಳು. ಅಲ್ಲಿ ಇಬ್ಬರು ಹೆಂಗಸರೂ ಮೊದಲು ಮೊಣಕಾಲು ನೋವು, ಆಮೇಲೆ ಮೊಮ್ಮಕ್ಕಳು, ಆಮೇಲೆ ಗಂಡಂದಿರ ಹುಚ್ಚಾಟ ಮಾತಾಡಿದರು. ಮಾತು ನೋಟಿಗೆ ಬಂದಾಗ ಅನಸುಬಾಯಿ ಇದ್ದದ್ದು ಇದ್ದಂತೆ ಹೇಳಿದಳು. ನಮ್ಮದು ಬುದ್ಧನ ಮನೆ, ನಿಮ್ಮ ಲಕ್ಷ್ಮಿಗೆ ನಮ್ಮಲ್ಲಿ ಆರತಿ ಸಿಗಲಿಕ್ಕಿಲ್ಲ. ಬುದ್ಧ ಮತ್ತು ಬಾಬಾಸಾಹೇಬರ ಪಟದ ಕೆಳಗೆ ಜಾಗವಿದೆ, ಬಾಬಾಸಾಹೇಬರು ವಿಲಾಯತಿಯಲ್ಲಿ ರೂಪಾಯಿಯ ಮೇಲೆಯೇ ಪ್ರಬಂಧ ಬರೆದು ಓದು ಮುಗಿಸಿದವರು, ರೊಕ್ಕದ ಮರ್ಯಾದೆ ನಮಗೂ ಗೊತ್ತು. ಮತ್ತೆ ಸೇರಿಸಿದಳು: ನಿಮ್ಮ ಅಜ್ಜಿ ಪೂಜೆ ಮಾಡಿದ್ದು ಜೋಡಿ ಬರಲಿ ಅಂತಲ್ಲವೇ? ಜೋಡಿ ಬಾಗಿಲಿಗೆ ಬಂದಾಗ ಚಹಾ ಕುಡಿಸಿ ಕಳಿಸಿಬಿಟ್ಟಿರಿ.

ವಿಮಲಾಬಾಯಿ ಮೊಣಕಾಲಿಗೆ ಕೈಯೂರಿ ಎದ್ದರು. ನೆಟ್ಟಗೆ ಒಳಗೆ ಹೋದರು. ಬರುವಾಗ ಕೈಯಲ್ಲಿ ಬಿದಿರಿನ ಮೊರ. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಬೆಲ್ಲದ ಚೂರು, ಹೊಸ ಕುಪ್ಪಸದ ಖಣ. ಎಲ್ಲದರ ಮೇಲೆ ಆ ಅರ್ಧ ನೋಟು.

"ಲಕ್ಷ್ಮಿಗಿ ಮಾರಂಗಿಲ್ಲ, ಖರೇ. ಆದ್ರ ಮನಿ ಮಗಳ ಉಡ್ಯಾಗ ಹೋದ್ರ ಯಾರೂ ಬ್ಯಾಡ ಅನ್ನಂಗಿಲ್ಲ. ಬಾ ತಂಗಿ, ಸೆರಗು ಹಿಡಿ."

ಬಸವಂತರಾಯರು ಗಾಬರಿಯಾದರು. ಲಕ್ಷ್ಮಿ ಹೊಸ್ತಿಲು ದಾಟಿ, ನಾಳೆ ತೊಗರಿಯ ರೇಟು ಬಿದ್ದುಹೋದರೆ? ಹೋದ ವರ್ಷ ಬಿದ್ದಾಗ ಲಕ್ಷ್ಮಿ ತಿಜೋರಿಯಲ್ಲೇ ಕೂತಿದ್ದಳಲ್ಲ, ಆಕೆ ಏನು ಮಾಡಿದಳು ಎಂದು ವಿಮಲಾಬಾಯಿ ಕೇಳಿದರು. ರಾಯರು ಕುಳಿತರು. ಅನಸುಬಾಯಿ ಸೆರಗು ಒಡ್ಡಿದಳು, ವಿಮಲಾಬಾಯಿ ಬೊಗಸೆ ಬೊಗಸೆಯಾಗಿ ಉಡಿ ತುಂಬಿದರು. ಕರಾರು ಒಂದೇ: ಪ್ರತಿ ದೀಪಾವಳಿಗೆ ಮಗಳು ಲಕ್ಷ್ಮಿಯನ್ನು ಕರೆದುಕೊಂಡು ತವರಿಗೆ ಬರಬೇಕು, ಹೋಳಿಗೆ ಉಂಡು ಹೋಗಬೇಕು. ತವರು ಎಂದೋ ಖಾಲಿಯಾಗಿದ್ದ ಅನಸುಬಾಯಿಯ ಕಣ್ಣು ತುಂಬಿತು. ಅಷ್ಟರಲ್ಲಿ ವಿಮಲಾಬಾಯಿ ಜಗದೇವಪ್ಪನತ್ತ ತಿರುಗಿ, ಅಳಿಯಂದಿರಿಗೆ ಬರುವ ಸಲ ಧೋತರ ಎಂದರು. ಅವನಿಗಿಂತ ಅವರು ಹತ್ತು ವರ್ಷವೂ ದೊಡ್ಡವರಲ್ಲ. ಆದರೂ ಅವನು ಹೊಸ ಅಳಿಯನಂತೆ ನಾಚಿದ.

ವಾಪಸು ಬರುವಾಗ ಅವನು ಕಂಡಕ್ಟರನಲ್ಲ, ಪ್ರಯಾಣಿಕ. ಊರು ಬರುವ ತನಕ ತಡೆದುಕೋ ಎಂದು ಹೆಂಡತಿ ಹೇಳಿದರೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ನೀನೇ ಹಿಡಿ, ನೀನು ಮನೆಮಗಳು ಎಂದ. ಅನಸುಬಾಯಿ ಉಡಿಯಿಂದ ನೋಟು ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದಳು. ಹಿಂಬದಿ ಖಾಲಿಯಿದ್ದ ತೆಳು ಹಾಳೆ. ಬಿಸಿಲು ಹಾಯ್ದು ಬರುತ್ತಲೇ ಅರಿಸಿನದ ಅಡಿಯಿಂದ ಕಪ್ಪು ಅಂಕಿ ಒಂದೊಂದಾಗಿ ಕಾಣಿಸಿತು. ಜಗದೇವಪ್ಪನಿಗೆ ತನ್ನ ನೋಟಿನ ನಂಬರು ತನ್ನ ಬಿಲ್ಲೆಯ ನಂಬರಿನಷ್ಟೇ ಬಾಯಿಪಾಠ. ಒಂದೊಂದೇ ಅಂಕಿ ಕೂಡುತ್ತ ಹೋಯಿತು. ಕೂಡಿತು, ಕೂಡಿತು, ಮತ್ತೂ ಕೂಡಿತು. ಕೊನೆಯ ಅಂಕಿ ಅವನದು ಏಳು. ಇದು ಎಂಟು.

ಮತ್ತೊಮ್ಮೆ ನೋಡಿದ. ಎಂಟು ಎಂಟೇ ಆಗಿತ್ತು. ಇದು ಅದರ ಜೋಡಿಯಲ್ಲ, ಅದರ ಪಕ್ಕದ ನೋಟಿನ ಅರ್ಧ. ಜಗದೇವಪ್ಪನ ಮುಖ ಇಳಿದುಹೋಯಿತು. ಅನಸುಬಾಯಿ ಅವನ ಮುಖ ನೋಡಿದಳು, ನೋಟು ನೋಡಿದಳು, ಒತ್ತಿ ಹಿಡಿದ ನಗು ಒಡೆದು ಬಂದು ಉಡಿಯ ಅಕ್ಕಿ ಬಸ್ಸಿನ ತುಂಬ ಚೆಲ್ಲಿತು. ಅವನಿಗೆ ನಗು ಬರಲಿಲ್ಲ. ಜೋಡಿ ಅಂತ ಹೇಳಿ ತಂದದ್ದು ಜೋಡಿಯಲ್ಲ. ಇದು ಸುಳ್ಳು ಹೇಳಿ ಹೆಣ್ಣು ತಂದ ಹಾಗಾಯಿತು ಎಂಬುದು ಅವನ ಕೊರಗು.

ಮರುದಿನ ಡ್ಯೂಟಿಯಲ್ಲಿ ಸೇಡಂ ಮುಟ್ಟಿದ್ದೇ ತಡ, ಡ್ರೈವರನಿಗೆ ಚಹಾ ಕುಡಿಯಲು ಹೇಳಿ ಓಡಿದ. ಕಾಕಿ ಅಂಗಿ, ಹೆಗಲಿಗೆ ಚೀಲ, ಪ್ಲಾಸ್ಟಿಕ್ ಹಾಳೆಯಲ್ಲಿ ಎರಡೂ ಅರ್ಧ. ಅಂಗಡಿಯ ಮುಂದೆ ನಿಂತು, ತಪ್ಪಾಗಿದೆ, ನಿಮ್ಮ ಲಕ್ಷ್ಮಿಯನ್ನು ನೀವು ತಿರುಗಿ ತಗೊಳ್ಳಿ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ತೊಗರಿ ಚೀಲ ತೂಗಿಸುತ್ತಿದ್ದ ಬಸವಂತರಾಯರು ಕೈ ತಡೆದರು. ತಲೆ ಕೆರೆದುಕೊಂಡು, ಅಜ್ಜನಿಗೆ ಬಂದದ್ದು ಒಂದರ ಹಿಂದೊಂದು ನಂಬರಿನ ಎರಡು ನೋಟಿನ ಎರಡು ಅರ್ಧವಂತೆ, ಇನ್ನೊಂದನ್ನು ಇಲಿ ತಿಂದಿತಂತೆ, ಅವ್ವ ಹೇಳುತ್ತಿದ್ದಳು ಎಂದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ಇಲಿಯ ಸುದ್ದಿ ಕೇಳಲಿಲ್ಲವಲ್ಲ ಎಂದರು. ಜಗದೇವಪ್ಪ ಅಲ್ಲೇ ಚೀಲದ ಮೇಲೆ ಕೂತುಬಿಟ್ಟ. ಅವನ ಅರ್ಧದ ಜೋಡಿ ಅವನು ಹುಟ್ಟುವ ಮೊದಲೇ ಇಲಿಯ ಹೊಟ್ಟೆ ಸೇರಿತ್ತು. ಇನ್ನೆಷ್ಟು ಸಂತೆ ತಿರುಗಿದರೂ ಅದು ಸಿಗುವಂತಿರಲಿಲ್ಲ.

ವಿಮಲಾಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹತ್ತಿರ ಬಂದು ಪ್ಲಾಸ್ಟಿಕ್ ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು, ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಮತ್ತೆ ಅವನ ಕೈಗೇ ಇಟ್ಟರು.

"ಉಡಿ ತುಂಬಿ ಕಳಿಸಿದ ಮ್ಯಾಲ ಕುಂಡ್ಲಿ ನೋಡ್ತಾರೇನ್ರಿ ಅಳಿಯಂದ್ರ? ಇದರ ಜೋಡಿ ಇಲಿ ತಿಂತು, ಅದರ ಜೋಡಿ ಹಾದ್ಯಾಗ ಕಳೀತು. ಒಂದೇ ಮನಿಗಿ ಹೊಂಟವು, ಎರಡೂ ಒಂಟಿ ಆದವು. ಕೂಡಿ ಇರಲಿ ಬಿಡ್ರಿ."

ಜಗದೇವಪ್ಪ ಹಾಳೆಯನ್ನು ತಾನೂ ಒಮ್ಮೆ ದೂರ ಹಿಡಿದ. ಎಡಕ್ಕೆ ವಾಡಿಯ ಧೂಳು ತಿಂದ ಬಿಳಿ, ಬಲಕ್ಕೆ ಸೇಡಂನ ಅರಿಸಿನ. ಅರ್ಧಕ್ಕೆ ನಿಂತಿದ್ದ ಸಾಲು ಆಚೆ ಹೋಗಿ ಮುಗಿದಿತ್ತು. ಅಂದು ತಟ್ಟೆಯಲ್ಲಿಯೂ ನಂಬರನ್ನೇ ಹುಡುಕಿದ್ದ; ಇಷ್ಟು ವರ್ಷ ಆ ಸಾಲು ಮುಗಿಯುವುದನ್ನು ಅವನು ನೋಡಿಯೇ ಇರಲಿಲ್ಲ. ಬಸ್ಸಿನ ಹಾರ್ನು ಕೇಳಿಸಿತೆಂದು ನೆಪ ಹೇಳಿ ಅಲ್ಲಿಂದ ಎದ್ದ.

ಆ ವಾರವೇ ಅವನಿಗೆ ಮತ್ತೆ ವಾಡಿಯ ಡ್ಯೂಟಿ ಬಿತ್ತು. ಸ್ಟೇಷನ್ನಿನ ಹತ್ತಿರ ಬಾಬುಮಿಯಾ ಹತ್ತಿದ. ಗಡ್ಡವೆಲ್ಲ ಬೆಳ್ಳಗಾಗಿತ್ತು, ಚೇಷ್ಟೆ ಮಾತ್ರ ಹಳೆಯದೇ; ಇವನನ್ನು ಕಂಡ ಕೂಡಲೇ ಜೇಬು ತಡಕಿ, ನಡುವೆ ಸೀಳಿದ ಹತ್ತು ರೂಪಾಯಿಯನ್ನೇ ಹುಡುಕಿ ಮುಂದೆ ಚಾಚಿದ. ಜೊತೆಗೆ ವರ್ಷಗಟ್ಟಲೆ ಕೇಳುತ್ತ ಬಂದ ಪ್ರಶ್ನೆಯನ್ನೂ ಕೇಳಿದ, ಜೋಡಿ ಸಿಕ್ಕಿತೋ ಇಲ್ಲವೋ ಎಂದು.

"ನಂಬರ್ ಕೂಡಲಿಲ್ಲ ಮಿಯಾ. ನೋಟು ಕೂಡ್ತು."

ಇದರ ಅರ್ಥವೇನೆಂದು ಬಾಬುಮಿಯಾ ಯೋಚಿಸುವುದರೊಳಗೆ ಜಗದೇವಪ್ಪ ಆ ಸೀಳಿದ ನೋಟನ್ನು ತೆಗೆದುಕೊಂಡ. ಕಿಟಕಿಯ ಬೆಳಕಿಗೆ ಎತ್ತಲಿಲ್ಲ. ಮಡಚಿ ಚೀಲಕ್ಕೆ ಹಾಕಿ ಟಿಕೆಟ್ಟು ಹರಿದು ಕೊಟ್ಟ. ಬಸ್ಸಿನಲ್ಲಿದ್ದವರೆಲ್ಲ ಕುತ್ತಿಗೆ ಉದ್ದ ಮಾಡಿ ನೋಡಿದರು. ತಬಿಯತ್ತು ಸರಿಯಿದೆಯೇ ಸಾಹೇಬ್ ಎಂದು ಬಾಬುಮಿಯಾ ಖರೇನೇ ಗಾಬರಿಯಿಂದ ಕೇಳಿದ. ಹಿಂದಿನ ಸೀಟಿನವರಿಬ್ಬರು ಆಗಲೇ ತಮ್ಮ ತಮ್ಮ ಹರಿದ ನೋಟುಗಳನ್ನು ಹೊರಗೆ ತೆಗೆಯುತ್ತಿದ್ದರು. ಜಗದೇವಪ್ಪ ಅದನ್ನು ಕಂಡೂ ಕಾಣದವನಂತೆ ಮುಂದಕ್ಕೆ ತಿರುಗಿ, ಒಳಗ ಸರೀರಿ ಎಂದು ಕೂಗಿದ.